ಬಿಸಿನೆಸ್ ಪ್ಲಾನ್ ಬರೆದವರು, ಟ್ರಂಕು ಮಾರುವವರು: ಕೆನ್ಯಾದ ತಾಂತ್ರಿಕ ಶಿಕ್ಷಣದ ಒಂದು ಪ್ರಕರಣ ಅಧ್ಯಯನ

ತಾಂತ್ರಿಕ ಶಿಕ್ಷಣ ಪಡೆದವರು ಕೆಲಸ ಹುಡುಕುತ್ತಾ ಅಲೆಯುವ ಬದಲು ತಾವೇ ಉದ್ಯಮ ಕಟ್ಟಬೇಕು ಎಂದು ಹೇಳದ ಅಭಿವೃದ್ಧಿಶೀಲ ದೇಶವಿಲ್ಲ. ಹೇಳಿದ್ದನ್ನು ಪಠ್ಯಕ್ರಮಕ್ಕೆ ಸೇರಿಸಿ, ಪರೀಕ್ಷೆಯಲ್ಲಿ ಕಡ್ಡಾಯಗೊಳಿಸಿ, ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿಕೊಂಡು ಬಂದ ದೇಶಗಳು ಮಾತ್ರ ಕಡಿಮೆ. ಕೆನ್ಯಾ ಅವುಗಳಲ್ಲೊಂದು. 1990ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಅಲ್ಲಿನ ಸರ್ಕಾರ ತಾಂತ್ರಿಕ ಮತ್ತು ವೃತ್ತಿ ತರಬೇತಿ ಸಂಸ್ಥೆಗಳಲ್ಲಿ ಉದ್ಯಮಶೀಲತೆಯನ್ನು ಒಂದು ವಿಷಯವಾಗಿ ತಂದಿತು. ವೆಲ್ಡಿಂಗ್ ಕಲಿಯುವವನು, ವಿದ್ಯುತ್ ವೈರಿಂಗ್ ಕಲಿಯುವವಳು, ವಾಹನ ರಿಪೇರಿ ಕಲಿಯುವವನು ಎಂಬ ಭೇದವಿಲ್ಲದೆ ಎಲ್ಲರೂ ಅದನ್ನು ಓದಬೇಕು. ಕೋರ್ಸ್ ಮುಗಿಯುವುದರೊಳಗೆ ತಮ್ಮದೇ ಒಂದು ಬಿಸಿನೆಸ್ ಪ್ಲಾನ್ ಬರೆದು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಅಂಕಕ್ಕೆ ಒಪ್ಪಿಸಬೇಕು.

ಇಂಥ ಪ್ಲಾನ್ ಬರೆದು ಪಾಸಾದವರು ಉದ್ಯಮಕ್ಕೆ ಎಷ್ಟರಮಟ್ಟಿಗೆ ಸಿದ್ಧರಾದರು ಎಂಬುದು ಈ ಪ್ರಕರಣದ ಪ್ರಶ್ನೆ. ಕೆನ್ಯಾವನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಾಲೇಜಿನ ಹೊರಗೆ, ತೆರೆದ ಬಿಸಿಲಿನಲ್ಲಿ ಬೆಳೆದ ಇನ್ನೊಂದು ತಾಂತ್ರಿಕ ಶಿಕ್ಷಣ ಅಲ್ಲಿದೆ. ಅದಕ್ಕೆ ‘ಜುವಾ ಕಾಲಿ’ ಎಂದು ಹೆಸರು. ಸ್ವಾಹಿಲಿಯಲ್ಲಿ ಸುಡುಬಿಸಿಲು ಎಂದರ್ಥ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಬೇರೆ ಕಡೆ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಹಿನ್ನೆಲೆ

ಸ್ವಾತಂತ್ರ್ಯ ಬಂದ ಮೂರೇ ವರ್ಷಕ್ಕೆ, 1966ರಲ್ಲಿ, ಕೆನ್ಯಾದ ಕ್ರೈಸ್ತ ಸಭೆಗಳ ಒಕ್ಕೂಟ ಒಂದು ವರದಿ ತಂದಿತು. ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದೆ ಓದಲು ಸೀಟಿಲ್ಲ, ದುಡಿಯಲು ಕೆಲಸವೂ ಇಲ್ಲ ಎಂಬ ಆತಂಕ ಅದರದು. ಅದರಿಂದ ಹುಟ್ಟಿದ್ದು ಗ್ರಾಮ ಪಾಲಿಟೆಕ್ನಿಕ್‌ಗಳು. ಕಲ್ಪನೆ ಸೊಗಸಾಗಿತ್ತು. ಅಗ್ಗದ ಕಟ್ಟಡ, ಊರಿಗೆ ಬೇಕಾದ ಕಸುಬು, ಪ್ರಮಾಣಪತ್ರದ ಹಂಗಿಲ್ಲ. ಕಲಿತವರು ಅಲ್ಲೇ ಸುತ್ತಮುತ್ತ ಬಡಗಿಗಳೋ ಗಾರೆಯವರೋ ದರ್ಜಿಗಳೋ ಆಗಿ ನೆಲೆ ನಿಲ್ಲಲಿ ಎಂಬುದು ಉದ್ದೇಶ.

ಆ ‘ಪ್ರಮಾಣಪತ್ರವಿಲ್ಲ’ ಎಂಬ ಭಾಗ ಬಹಳ ದಿನ ಉಳಿಯಲಿಲ್ಲ. ಕಲಿಯುವವರೂ ಅವರ ತಂದೆತಾಯಿಯರೂ ಸರ್ಕಾರದ ಟ್ರೇಡ್ ಟೆಸ್ಟ್, ಅಂದರೆ ಕಸುಬಿನ ಪ್ರಮಾಣಪತ್ರ ಕೊಡುವ ಪರೀಕ್ಷೆ, ಬೇಕೆಂದರು. ಟೆಸ್ಟ್ ಬಂದ ಮೇಲೆ ಪಾಠ ಅದರತ್ತ ವಾಲಿತು. ಊರಿನ ಅಗತ್ಯ ಹಿಂದೆ ಸರಿಯಿತು. ಇದನ್ನು ಜನರ ಅವಿವೇಕ ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಂಬಳದ ಕೆಲಸ ಎಷ್ಟೇ ವಿರಳವಾಗಿದ್ದರೂ ಸಿಕ್ಕಿದವನ ಬಾಳು ಹಸನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಘಾನಾದ ಶಾಲೆಗಳನ್ನು ಅಧ್ಯಯನ ಮಾಡಿದ ಫಿಲಿಪ್ ಫಾಸ್ಟರ್ 1965ರಲ್ಲೇ ಇದನ್ನು ಹೇಳಿದ್ದರು: ವಿದ್ಯಾರ್ಥಿಯ ಆಸೆಯನ್ನು ರೂಪಿಸುವುದು ಹೊರಗಿನ ಉದ್ಯೋಗ ಮಾರುಕಟ್ಟೆ, ಕರಕುಶಲದ ತರಗತಿ ಸೇರಿಸಿದ ಮಾತ್ರಕ್ಕೆ ಗುಮಾಸ್ತಿಕೆಯ ಕನಸು ಹೋಗುವುದಿಲ್ಲ. ಹೇಳಿ ಅರವತ್ತು ವರ್ಷವಾದರೂ ಪಠ್ಯಕ್ರಮ ಬರೆಯುವವರ ಕಿವಿಗೆ ಅದು ಬಿದ್ದಂತಿಲ್ಲ.

1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನಿಯೋಗವೊಂದು ಕೆನ್ಯಾಕ್ಕೆ ಬಂದು, ಅಲ್ಲಿನ ಸಮಸ್ಯೆ ಬರೀ ನಿರುದ್ಯೋಗವಲ್ಲ, ದುಡಿದರೂ ಬಡವರಾಗಿಯೇ ಉಳಿಯುವವರದು ಎಂದು ವರದಿ ಕೊಟ್ಟಿತು. ಬೀದಿಬದಿಯ ತಗಡು ಕೆಲಸದವರು, ಮೆಕ್ಯಾನಿಕ್‌ಗಳು, ಬಡಗಿಗಳು ಸೋಮಾರಿಗಳೂ ಅಲ್ಲ, ಅಸಮರ್ಥರೂ ಅಲ್ಲ, ಸರ್ಕಾರದ ಲೆಕ್ಕದ ಆಚೆ ಇರುವ ಉತ್ಪಾದಕರು ಎಂದು ಅದು ಗುರುತಿಸಿತು. ‘ಅನೌಪಚಾರಿಕ ವಲಯ’ ಎಂಬ ಪದ ಜಗತ್ತಿನ ಆರ್ಥಿಕ ಚರ್ಚೆಯಲ್ಲಿ ಬೇರೂರಲು ಆ ವರದಿ ಮುಖ್ಯ ಕಾರಣ. ಆದರೆ ಸರ್ಕಾರದ ಮನಸ್ಸು ಬದಲಾಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಾಯಿತು.

ಎಂಬತ್ತರ ದಶಕದಲ್ಲಿ ಎಲ್ಲವೂ ಒಟ್ಟಿಗೆ ಬಂದವು. 1981ರ ಮೆಕೆ ಸಮಿತಿಯ ಶಿಫಾರಸಿನ ಮೇರೆಗೆ 1985ರಲ್ಲಿ 8-4-4 ಪದ್ಧತಿ ಜಾರಿಯಾಯಿತು: ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ, ನಾಲ್ಕು ವರ್ಷ ವಿಶ್ವವಿದ್ಯಾಲಯ, ಮತ್ತು ಕೆಳಗಿನಿಂದಲೇ ಕೈಕಸುಬಿನ ವಿಷಯಗಳು. ಶಾಲೆಗಳ ಕಾರ್ಯಾಗಾರ ಕಟ್ಟುವ ಖರ್ಚು ಬಹುಮಟ್ಟಿಗೆ ಪೋಷಕರ ಮೇಲೆ ಬಿತ್ತು. ಉಪಕರಣವಿಲ್ಲದ ಕಡೆ ಮರಗೆಲಸವನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಯಿತು. ಪ್ರಾಥಮಿಕ ಹಂತದ ಅಂತಿಮ ಪರೀಕ್ಷೆಯಲ್ಲಿ ಕಲೆ ಮತ್ತು ಕರಕುಶಲವನ್ನೂ ಬಹುಆಯ್ಕೆ ಪ್ರಶ್ನೆಗಳಿಂದಲೇ ಅಳೆಯಲಾಯಿತು. ಉಳಿ ಹಿಡಿಯದವನೂ ಸರಿಯುತ್ತರಕ್ಕೆ ಗುರುತು ಹಾಕಬಹುದಾಗಿತ್ತು. ವಿಷಯಗಳ ಹೊರೆ ಜಾಸ್ತಿಯಾಯಿತೆಂದು ಈ ಶತಮಾನದ ಆರಂಭದಲ್ಲಿ ಪಠ್ಯಕ್ರಮ ಇಳಿಸಿದಾಗ ಮೊದಲು ಕತ್ತರಿ ಬಿದ್ದದ್ದೂ ಇಂಥ ವಿಷಯಗಳಿಗೇ.

ಅದೇ 1985ರಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೋಯಿ ನೈರೋಬಿಯ ಕಮುಕುಂಜಿಗೆ ಹೋಗಿ ಬಿಸಿಲಿನಲ್ಲಿ ದುಡಿಯುತ್ತಿದ್ದವರನ್ನು ಕಂಡು, ನೆರಳಿಗೆ ಶೆಡ್ ಕಟ್ಟಿಸುವುದಾಗಿ ಹೇಳಿದರು. 1988ರಲ್ಲಿ ತಾಂತ್ರಿಕ ತರಬೇತಿಗೆಂದೇ ಒಂದು ಸಚಿವಾಲಯ ಹುಟ್ಟಿತು. ಸರ್ಕಾರಿ ನೇಮಕಾತಿಗೆ ಕಡಿವಾಣ ಬೀಳುತ್ತಿದ್ದ ಕಾಲವದು. 1990ರ ಉದ್ಯಮಶೀಲತೆ ವಿಷಯ ಬಂದದ್ದು ಈ ಹೊತ್ತಿನಲ್ಲಿ. ಅದರ ಹಿಂದೆ ದೂರದೃಷ್ಟಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೆಲಸ ಕೊಡಲಾಗದ ಸರ್ಕಾರ, ಕೆಲಸ ಸೃಷ್ಟಿಸುವ ಹೊಣೆಯನ್ನು ಇಪ್ಪತ್ತರ ಹರೆಯದವರ ಹೆಗಲಿಗೆ ದಾಟಿಸಿತು ಎಂಬುದೂ ಅಷ್ಟೇ ನಿಜ.

ಒಂದು ಟ್ರಂಕಿನ ಲೆಕ್ಕ

ಕಮುಕುಂಜಿಯ ತಗಡು ಕೆಲಸದವರು ಮಾಡುವ ವಸ್ತುಗಳಲ್ಲಿ ಹೆಸರುವಾಸಿಯಾದದ್ದು ವಸತಿ ಶಾಲೆಗೆ ಹೋಗುವ ಮಕ್ಕಳ ಟ್ರಂಕು. ತಗಡಿನ ಹಾಳೆಯ ಮೇಲೆ ಗೆರೆ ಎಳೆದು, ಕತ್ತರಿಸಿ, ಅಂಚನ್ನು ಮಡಿಚಿ ಬಡಿದು, ಮೂಲೆಗಳಿಗೆ ರಿವೆಟ್ ಹೊಡೆದು, ಮುಚ್ಚಳಕ್ಕೆ ಕೀಲು, ಮುಂದೆ ಬೀಗದ ಕೊಂಡಿ ಕೂರಿಸಿ, ಬಣ್ಣ ಬಳಿದರೆ ಪೆಟ್ಟಿಗೆ ಸಿದ್ಧ. ಪಾಲಿಟೆಕ್ನಿಕ್‌ನಲ್ಲಿ ಶೀಟ್ ಮೆಟಲ್ ಕೆಲಸ ಕಲಿತ ಯಾವ ವಿದ್ಯಾರ್ಥಿಗೂ ಇದು ಕಷ್ಟವಲ್ಲ. ಅವನ ಮೂಲೆಗಳು ಇನ್ನೂ ನೇರವಾಗಿ ಬರಬಹುದು.

ಕಷ್ಟವಿರುವುದು ಬೇರೆ ಕಡೆ. ಶಾಲೆಗಳು ತೆರೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ. ಟ್ರಂಕಿಗೆ ಗಿರಾಕಿ ಬರುವುದು ಅದರ ಹಿಂದುಮುಂದಿನ ಕೆಲವೇ ವಾರ. ಆಗ ಕೈಯಲ್ಲಿ ಮಾಲಿರಬೇಕಾದರೆ ತಿಂಗಳುಗಳ ಮೊದಲೇ ತಗಡು ಕೊಂಡು ಬಡಿಯಲು ಶುರುಮಾಡಬೇಕು. ಅಷ್ಟು ದಿನ ದುಡ್ಡು ಪೆಟ್ಟಿಗೆಯ ರೂಪದಲ್ಲಿ ಸುಮ್ಮನೆ ಕುಳಿತಿರುತ್ತದೆ. ಮನೆ ಬಾಡಿಗೆ ಕಾಯುವುದಿಲ್ಲ. ನಡುವೆ ವ್ಯಾಪಾರಿಯೊಬ್ಬ ಬಂದು ಇರುವ ಮಾಲನ್ನೆಲ್ಲ ಸಗಟಾಗಿ ಕೇಳಿದರೆ ಕಡಿಮೆ ಬೆಲೆಗೆ ಕೊಡಬೇಕೋ, ಜನವರಿಗೆ ಕಾಯಬೇಕೋ? ಹಾಳೆಯನ್ನು ಹೇಗೆ ಕತ್ತರಿಸಿದರೆ ಉಳಿದ ತುಂಡಿನಲ್ಲಿ ಇನ್ನೊಂದು ಚಿಕ್ಕ ಸಾಮಾನು ಹೊರಡುತ್ತದೆ? ಹೊಸ ಹಾಳೆ ಕೊಳ್ಳಬೇಕೋ, ಹಳೆಯ ಡ್ರಮ್ಮನ್ನು ಬಿಡಿಸಿ ಚಪ್ಪಟೆ ಮಾಡಬೇಕೋ? ಉದ್ರಿ ಕೊಡುವ ತಗಡಿನ ವ್ಯಾಪಾರಿ ಯಾರು, ಅವನ ಬೆಲೆಯಲ್ಲಿ ಉದ್ರಿಯ ಬಡ್ಡಿ ಎಷ್ಟು ಅಡಗಿದೆ?

ಈ ಪ್ರಶ್ನೆಗಳಿಗೆ ಕಮುಕುಂಜಿಯ ಹುಡುಗ ಉತ್ತರ ಕಲಿಯುವುದು ಮೇಸ್ತ್ರಿಯ ಪಕ್ಕದಲ್ಲಿ ಕುಳಿತು, ವ್ಯಾಪಾರ ನಡೆಯುವುದನ್ನು ನೋಡಿ. ಹಾಳೆ ತಪ್ಪಾಗಿ ಕತ್ತರಿಸಿದರೆ ಮೇಸ್ತ್ರಿಯ ದುಡ್ಡು ಹೋಗುತ್ತದೆ, ಬೈಗುಳ ತಕ್ಷಣ ಬೀಳುತ್ತದೆ. ಕಾಲೇಜಿನಲ್ಲಿ ತಗಡನ್ನು ಕೊಳ್ಳುವುದು ಸಂಸ್ಥೆ. ಕೆಟ್ಟದ್ದು ಗುಜರಿಗೆ, ಅಂಕ ಮೂಲೆಯ ನೇರಕ್ಕೆ. ತನ್ನ ಕೈಯಿಂದ ಹೋದ ಕಚ್ಚಾಮಾಲಿನ ಬೆಲೆ ಆ ವಿದ್ಯಾರ್ಥಿಯ ಕಿಸೆಯನ್ನು ಒಮ್ಮೆಯೂ ಮುಟ್ಟುವುದಿಲ್ಲ.

ಹಾಗಾದರೆ ಉದ್ಯಮಶೀಲತೆಯ ವಿಷಯ ಈ ಕೊರತೆಯನ್ನು ತುಂಬುತ್ತದೆಯೇ? ಬಿಸಿನೆಸ್ ಪ್ಲಾನ್‌ನಲ್ಲಿ ಮಾರುಕಟ್ಟೆಯ ವಿವರ, ಉತ್ಪಾದನೆಯ ವಿಧಾನ, ಸಿಬ್ಬಂದಿ, ಹಣಕಾಸಿನ ಅಂದಾಜು ಎಂದು ಅಧ್ಯಾಯಗಳಿರುತ್ತವೆ. ವಿದ್ಯಾರ್ಥಿ ಪ್ರತಿಯೊಂದಕ್ಕೂ ಏನಾದರೂ ಬರೆಯಲೇಬೇಕು. ಅಂದಾಜಿನ ಮಾರಾಟ ಬರೆದರೆ ಅಂದಾಜಿನ ಲಾಭ ಬರುತ್ತದೆ. ಆ ಲಾಭ ಸುಳ್ಳೆಂದು ಹೇಳಲು ಯಾವ ಗಿರಾಕಿಯೂ ತರಗತಿಗೆ ಬರುವುದಿಲ್ಲ. ಪಾಠ ಮಾಡುವವರು ಸಂಬಳದಾರರು, ಅವರಲ್ಲಿ ಹೆಚ್ಚಿನವರು ತಾವಾಗಿ ಅಂಗಡಿ ಇಟ್ಟವರಲ್ಲ. ಇದು ಅವರ ಮೇಲಿನ ದೂರಲ್ಲ. ವ್ಯವಸ್ಥೆ ಅವರನ್ನು ಆರಿಸಿಕೊಂಡದ್ದೇ ಬೇರೆ ಕೆಲಸಕ್ಕೆ.

ಕೂಪನ್ ಕೊಟ್ಟಾಗ ಏನಾಯಿತು

ಸರ್ಕಾರಕ್ಕೂ ಈ ಅನುಮಾನ ಇತ್ತೆಂದು ಕಾಣುತ್ತದೆ. 1992ರಲ್ಲಿ ಸಣ್ಣ ಉದ್ಯಮ ಮತ್ತು ಜುವಾ ಕಾಲಿಗೆಂದೇ ಒಂದು ನೀತಿಪತ್ರ ಸಂಸತ್ತಿನ ಮುಂದೆ ಬಂತು. ಬಳಿಕ ವಿಶ್ವಬ್ಯಾಂಕಿನ ನೆರವಿನಿಂದ ತರಬೇತಿ ಕೂಪನ್‌ಗಳ ಪ್ರಯೋಗ ಆರಂಭವಾಯಿತು. ಸಣ್ಣ ಉದ್ಯಮಿಗಳು ಶುಲ್ಕದ ಒಂದು ಪಾಲನ್ನು ತಾವು ಭರಿಸಬೇಕು, ಉಳಿದದ್ದಕ್ಕೆ ಕೂಪನ್. ಯಾರ ಬಳಿ ಕಲಿಯಬೇಕೆಂಬುದು ಅವರ ಇಷ್ಟ. ದುಡ್ಡು ಕಲಿಯುವವರ ಕೈಗೆ ಬಂದರೆ ಪಾಲಿಟೆಕ್ನಿಕ್‌ಗಳೂ ಖಾಸಗಿ ಸಂಸ್ಥೆಗಳೂ ಅವರಿಗೆ ಬೇಕಾದ ಕೋರ್ಸ್ ರೂಪಿಸಲು ಪೈಪೋಟಿ ನಡೆಸುತ್ತವೆ ಎಂಬುದು ಲೆಕ್ಕಾಚಾರ.

ಕೂಪನ್ ಹಿಡಿದವರು ಹೆಚ್ಚಾಗಿ ಹೋದದ್ದು ನುರಿತ ಮೇಸ್ತ್ರಿಗಳ ಬಳಿಗೆ. ಯೋಜನೆ ರೂಪಿಸಿದವರು ನಿರೀಕ್ಷಿಸಿದ್ದು ಅದನ್ನಲ್ಲ. ಒಬ್ಬ ಮೇಸ್ತ್ರಿ ತನ್ನ ಶೆಡ್ಡಿನಲ್ಲಿ, ತನ್ನ ಉಪಕರಣಗಳೊಂದಿಗೆ, ನಾಳೆಯೇ ಬಳಸಬಹುದಾದ ಒಂದು ನಿರ್ದಿಷ್ಟ ಕೌಶಲವನ್ನು ಅಲ್ಪಾವಧಿಯಲ್ಲಿ ಕಲಿಸಿ ಕಳುಹಿಸುತ್ತಿದ್ದ. ಕಾಲೇಜಿಗೆ ವೇಳಾಪಟ್ಟಿ ಇತ್ತು, ಸೆಮಿಸ್ಟರ್ ಇತ್ತು, ಕನಿಷ್ಠ ವಿದ್ಯಾರ್ಹತೆ ಇತ್ತು. ಯೋಜನೆಯ ಆಡಳಿತ ತೊಡಕಿನದಾಗಿ, ಸಹಾಯಧನದ ಜೊತೆಗೆ ಅದೂ 2002ರ ಹೊತ್ತಿಗೆ ಮುಗಿಯಿತು. ಹಾಗಾಗಿ ಅದನ್ನು ಯಶಸ್ಸೆಂದು ಕೊಂಡಾಡುವುದು ಕಷ್ಟ. ಆದರೂ ನಿಜವಾದ ಉದ್ಯಮಿಗಳು ತಮ್ಮ ಜೇಬಿನ ದುಡ್ಡನ್ನೂ ಸೇರಿಸಿ ಕೊಟ್ಟ ಒಂದು ತೀರ್ಪು ಅದರಲ್ಲಿ ದಾಖಲಾಗಿದೆ.

ಅದೇ ಸಮಯದ, 1999ರ, ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೆನ್ಯಾದಲ್ಲಿ ಸುಮಾರು 13 ಲಕ್ಷ ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿದ್ದವು. ಅವುಗಳಲ್ಲಿ ಹೆಚ್ಚಿನವು ವ್ಯಾಪಾರ: ಕೊಂಡು ಮಾರುವುದು. ತಯಾರಿಕೆಯ ಪಾಲು ಚಿಕ್ಕದು. ತಾಂತ್ರಿಕ ಶಿಕ್ಷಣದವರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಉದ್ಯಮಕ್ಕೆ ಇಳಿಯುವವರಲ್ಲಿ ಬಹುತೇಕರು ಕೈಕಸುಬಿಲ್ಲದ ದಾರಿಯನ್ನೇ ಆರಿಸಿಕೊಳ್ಳುತ್ತಾರೆ. ಯಂತ್ರಕ್ಕೆ, ಉಪಕರಣಕ್ಕೆ, ವಿದ್ಯುತ್ತಿಗೆ ದುಡ್ಡು ಹೂಡದೆ ಶುರುಮಾಡಬಹುದಾದದ್ದು ಅದೇ. ವೆಲ್ಡಿಂಗ್ ಕಲಿತವನಿಗೆ ವೆಲ್ಡಿಂಗ್ ಯಂತ್ರವಿಲ್ಲದಿದ್ದರೆ ಅವನ ಕೌಶಲ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕುಳಿತಿರುತ್ತದೆ.

ಪಶ್ಚಿಮ ಕೆನ್ಯಾದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞರಾದ ಜೋನ್ ಹ್ಯಾಮೊರಿ ಹಿಕ್ಸ್, ಮೈಕೆಲ್ ಕ್ರೆಮರ್, ಐಸಾಕ್ ಎಂಬಿಟಿ ಮತ್ತು ಎಡ್ವರ್ಡ್ ಮಿಗೆಲ್ ಅವರು ಶಾಲೆ ಬಿಟ್ಟ ಎರಡು ಸಾವಿರಕ್ಕೂ ಹೆಚ್ಚು ಯುವಜನರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಗೆ ವೃತ್ತಿ ತರಬೇತಿಯ ವೋಚರ್ ಕೊಟ್ಟರು. ಸರ್ಕಾರಿ ಸಂಸ್ಥೆಗೆ ಮಾತ್ರ ಸೇರಬಹುದೆಂಬ ಕಟ್ಟಿಗೆ ಒಳಗಾದವರಿಗಿಂತ, ಖಾಸಗಿಗೂ ಹೋಗಬಹುದೆಂಬ ಅವಕಾಶ ಪಡೆದವರು ಹೆಚ್ಚಾಗಿ ಸೇರಿ ಹೆಚ್ಚಾಗಿ ಮುಗಿಸಿದರು. ಆದರೆ ತರಬೇತಿಯಿಂದ ಒಟ್ಟಾರೆ ಗಳಿಕೆ ಏರಿತೆಂದು ಹೇಳುವಂಥ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಯಾವ ಕಸುಬಿನಲ್ಲಿ ಎಷ್ಟು ಗಳಿಕೆಯಿದೆ ಎಂಬ ಬಗ್ಗೆ ಯುವಜನರ ಎಣಿಕೆ ಬಹಳ ತಪ್ಪಾಗಿತ್ತು. ಹುಡುಗಿಯರು ಹೊಲಿಗೆ, ಕೇಶಾಲಂಕಾರದ ಕಡೆಗೇ ಹೋಗುತ್ತಿದ್ದರು. ಗಂಡಸರ ಕಸುಬುಗಳೆನಿಸಿಕೊಂಡವುಗಳಲ್ಲಿ ಹೆಚ್ಚು ಸಂಪಾದನೆ ಇದೆಯೆಂಬ ಮಾಹಿತಿ ಕೊಟ್ಟಾಗ ಅವರಲ್ಲಿ ಕೆಲವರ ಆಯ್ಕೆ ಬದಲಾಯಿತು. ಇಷ್ಟು ಸಣ್ಣ ಮಾಹಿತಿಯನ್ನು ಪ್ರವೇಶದ ದಿನವೇ ಕೊಡಲು ಯಾವ ಹೊಸ ಇಲಾಖೆಯೂ ಬೇಕಿಲ್ಲ.

ಡಂಡೋರಾದ ಹಿರಿಯರು

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿಕೈ ನೈರೋಬಿಯ ಡಂಡೋರಾದಲ್ಲಿದೆ. ಅಲ್ಲಿ ಅಂಗಡಿ, ಹೊಲಿಗೆ ಮುಂತಾದ ಸಣ್ಣ ವ್ಯವಹಾರ ನಡೆಸುತ್ತಿದ್ದ ಯುವತಿಯರನ್ನು ಅರ್ಥಶಾಸ್ತ್ರಜ್ಞರಾದ ವ್ಯಾಟ್ ಬ್ರೂಕ್ಸ್, ಕೆವಿನ್ ಡೊನೊವನ್ ಮತ್ತು ಟೆರೆನ್ಸ್ ಜಾನ್ಸನ್ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ತರಗತಿಯಲ್ಲಿ ವ್ಯವಹಾರದ ಪಾಠ: ಲೆಕ್ಕ ಬರೆಯುವುದು, ಪ್ಲಾನ್ ಮಾಡುವುದು. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ಅದೇ ಬಡಾವಣೆಯಲ್ಲಿ ವರ್ಷಗಳಿಂದ ವ್ಯವಹಾರ ಮಾಡಿಕೊಂಡು ಬಂದ ಒಬ್ಬ ಹಿರಿಯ ಮಹಿಳೆಯ ಜೊತೆ. ಮೂರನೆಯದಕ್ಕೆ ಏನೂ ಇಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಿರಿಯರ ಜೊತೆಯಿದ್ದವರ ಲಾಭ ಸರಾಸರಿ ಶೇ 20ರಷ್ಟು ಏರಿತು. ತರಗತಿಯಲ್ಲಿ ಕಲಿತವರು ಲೆಕ್ಕ ಬರೆಯುವಂಥ ಅಭ್ಯಾಸಗಳನ್ನು ಸ್ವಲ್ಪ ಬೆಳೆಸಿಕೊಂಡರು, ಲಾಭ ಏರಲಿಲ್ಲ.

ಹಿರಿಯರು ಹೇಳಿಕೊಟ್ಟದ್ದೇನು? ಹೆಚ್ಚಾಗಿ, ಮಾಲನ್ನು ಎಲ್ಲಿ ಯಾರಿಂದ ಅಗ್ಗವಾಗಿ ಕೊಳ್ಳಬಹುದು ಎಂಬುದನ್ನು. ಕಿರಿಯರು ಸರಬರಾಜುದಾರರನ್ನು ಬದಲಾಯಿಸಿದರು, ಖರ್ಚು ಇಳಿಯಿತು. ಯಾವ ಪಠ್ಯಪುಸ್ತಕದಲ್ಲೂ ಅಚ್ಚು ಹಾಕಲಾಗದ ಜ್ಞಾನ ಇದು, ಏಕೆಂದರೆ ಬಡಾವಣೆಗೆ ಬಡಾವಣೆಗೆ ಬದಲಾಗುತ್ತದೆ. ಇದರ ಇನ್ನೊಂದು ಮುಖವನ್ನೂ ಅದೇ ಅಧ್ಯಯನ ಮರೆಮಾಚದೆ ಹೇಳುತ್ತದೆ. ಹಿರಿಯರ ಒಡನಾಟ ನಿಂತ ಮೇಲೆ ಲಾಭವೂ ಕ್ರಮೇಣ ಕರಗಿತು. ಅಂದರೆ ಮಾಹಿತಿ ಸಿಕ್ಕಿತು. ಮಾರುಕಟ್ಟೆ ಬದಲಾದಾಗ ಹೊಸ ಮಾಹಿತಿಯನ್ನು ತಾವೇ ಹುಡುಕಿಕೊಳ್ಳುವ ರೂಢಿ ಬೆಳೆಯಲಿಲ್ಲ. ಮೇಸ್ತ್ರಿಗಳೇ ಎಲ್ಲಕ್ಕೂ ಮದ್ದು ಎನ್ನುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಕಾಲೇಜಿನ ಪಾಲು

ಇಷ್ಟೆಲ್ಲ ಹೇಳಿದ ಮೇಲೆ ಪಾಲಿಟೆಕ್ನಿಕ್ ದಂಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಮತ್ತು ತಪ್ಪು. ಕಸುಬಿನಿಂದ ಕಸುಬಿಗೆ ಚಿತ್ರ ಬದಲಾಗುತ್ತದೆ. ಕೆನ್ಯಾದಲ್ಲಿ ವಿದ್ಯುತ್ ಅಳವಡಿಕೆಯ ಕೆಲಸಕ್ಕೆ ಇಂಧನ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು, ಪರವಾನಗಿಗೆ ವಿದ್ಯಾರ್ಹತೆ ಬೇಕು. ಇಲ್ಲಿ ಪ್ರಮಾಣಪತ್ರವೇ ಅಂಗಡಿಯ ಬಾಗಿಲು. 2013ರಿಂದ ಸರ್ಕಾರಿ ಖರೀದಿಯ ಶೇ 30ರಷ್ಟನ್ನು ಯುವಕರು, ಮಹಿಳೆಯರು ಮತ್ತು ಅಂಗವಿಕಲರ ಉದ್ಯಮಗಳಿಗೆ ಮೀಸಲಿಡಲಾಗಿದೆ. ಟೆಂಡರ್ ಅರ್ಜಿ ತುಂಬಿ, ತೆರಿಗೆಯ ಕಾಗದ ಲಗತ್ತಿಸಿ, ನಕ್ಷೆ ಓದಿ ದರ ಬರೆಯುವುದು ಕಾಲೇಜಿನಲ್ಲಿ ಓದಿದವರಿಗೆ ಸಲೀಸು. ಮೇಸ್ತ್ರಿಯ ಶೆಡ್ಡಿನಲ್ಲಿ ಆ ವಿದ್ಯೆ ಸಿಗುವುದಿಲ್ಲ.

ತಂತ್ರಜ್ಞಾನ ಹೊಸದಾಗಿ ಬರಬೇಕಾದಾಗಲೂ ಹಾಗೆಯೇ. ಎಂಬತ್ತರ ದಶಕದಲ್ಲಿ ಹರಡಿದ ಕೆನ್ಯಾ ಸೆರಾಮಿಕ್ ಜಿಕೊ ಎಂಬ ಇದ್ದಿಲ ಒಲೆ ಇದಕ್ಕೆ ಒಳ್ಳೆಯ ಉದಾಹರಣೆ. ನಡು ಸಣ್ಣಗಿರುವ ತಗಡಿನ ಕವಚ, ಒಳಗೆ ಸುಟ್ಟ ಜೇಡಿಮಣ್ಣಿನ ಪದರ. ಮಾದರಿ ಥಾಯ್ಲೆಂಡಿನ ಬಕೆಟ್ ಒಲೆಯದು. ಇದ್ದಿಲು ಉಳಿಸುವ ವಿನ್ಯಾಸ, ಮಣ್ಣಿನ ಮಿಶ್ರಣ, ಪರೀಕ್ಷೆ ಎಲ್ಲ ತಂತ್ರಜ್ಞರು ಮತ್ತು ಸ್ವಯಂಸೇವಾ ಸಂಸ್ಥೆಗಳಿಂದ ಬಂದವು. ಅಗ್ಗವಾಗಿ ಮಾಡಿ ನಗರದ ಮನೆಮನೆಗೆ ತಲುಪಿಸಿದ್ದು ಜುವಾ ಕಾಲಿಯವರು. ಮಣ್ಣಿನ ಪದರ ಮಾಡುವವರು ಬೇರೆ, ತಗಡು ಬಡಿಯುವವರು ಬೇರೆ, ಜೋಡಿಸಿ ಮಾರುವವರು ಬೇರೆ. ಮೊದಮೊದಲು ಬಿರುಕು ಬಿಡುವ ನಕಲುಗಳೂ ಬಂದವು. ಬರೀ ಕಾಲೇಜಾಗಲಿ ಬರೀ ಬೀದಿಯಾಗಲಿ ಈ ಒಲೆಯನ್ನು ಮಾಡಲಾಗುತ್ತಿರಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಉದ್ಯಮಕ್ಕೆ ಸಿದ್ಧತೆ ಎನ್ನುವುದು ತಾಂತ್ರಿಕ ಪಾಠದ ಪಕ್ಕಕ್ಕೆ ಇನ್ನೊಂದು ಪಾಠ ಸೇರಿಸಿದರೆ ಬರುವುದಲ್ಲ. ತಾಂತ್ರಿಕ ಪಾಠದ ಒಳಗೇ, ಅದೇ ಕಾರ್ಯಾಗಾರದಲ್ಲಿ, ಕಚ್ಚಾಮಾಲಿನ ಬೆಲೆ ಮತ್ತು ಗಿರಾಕಿಯ ಮುಖ ಎರಡೂ ಇರಬೇಕು. ವಿದ್ಯಾರ್ಥಿ ಮಾಡಿದ ಟ್ರಂಕಿನ ಒಂದು ಮೂಲೆ ಓರೆಯಾದರೆ ಉಪನ್ಯಾಸಕರು ಅಂಕ ಕಳೆಯುವ ಬದಲು, ಗಿರಾಕಿ ಬೆಲೆ ಇಳಿಸಿ ಕೇಳಲಿ. ಪ್ಲಾನಿನ ಜಾಗದಲ್ಲಿ, ಒಂದು ಅವಧಿ ನಿಜವಾಗಿ ಏನನ್ನಾದರೂ ಮಾಡಿ ಮಾರಿದ ಲೆಕ್ಕದ ಪುಸ್ತಕ ಒಪ್ಪಿಸಲಿ. ನಷ್ಟವಾಗಿದ್ದರೆ ನಷ್ಟವೆಂದೇ ಬರೆದಿರಲಿ, ಏಕಾಯಿತೆಂದು ವಿವರಿಸಿದವರಿಗೆ ಅಂಕ ಸಿಗಲಿ.

ಈಗಿನ ಸ್ಥಿತಿ

2013ರ ತಾಂತ್ರಿಕ ಮತ್ತು ವೃತ್ತಿ ಶಿಕ್ಷಣ ಕಾಯ್ದೆಯ ನಂತರ ಕೆನ್ಯಾ ತಾಂತ್ರಿಕ ಶಿಕ್ಷಣವನ್ನು ಸಾಮರ್ಥ್ಯಾಧಾರಿತ ಪದ್ಧತಿಗೆ, ಅಂದರೆ ಕೆಲಸ ಮಾಡಿ ತೋರಿಸಬಲ್ಲರೇ ಎಂಬುದನ್ನು ಅಳೆಯುವ ಪದ್ಧತಿಗೆ, ಬದಲಾಯಿಸುತ್ತಿದೆ. ಉದ್ಯಮಶೀಲತೆ ಅಲ್ಲೂ ಒಂದು ಘಟಕವಾಗಿ ಮುಂದುವರಿದಿದೆ. ಮೌಲ್ಯಮಾಪನಕ್ಕೆ ವಿದ್ಯಾರ್ಥಿಯ ಕೆಲಸದ ಪುರಾವೆಗಳ ಕಡತವನ್ನು ಪರಿಗಣಿಸುವುದರಿಂದ ಲೆಕ್ಕದ ಪುಸ್ತಕಕ್ಕೆ ಜಾಗ ಸಿಗುವ ಸಾಧ್ಯತೆಯೇನೋ ಇದೆ. ಇನ್ನೊಂದು ಕಡೆಯಿಂದ, ಶಾಲೆಗೆ ಹೋಗದೆ ಕಸುಬು ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಬಂದಿದೆ. ವಿಶ್ವಬ್ಯಾಂಕಿನ ನೆರವಿನ ಯುವ ಉದ್ಯೋಗ ಯೋಜನೆ ಮೇಸ್ತ್ರಿಗಳನ್ನು ಅಧಿಕೃತ ತರಬೇತುದಾರರನ್ನಾಗಿ ಬಳಸಿಕೊಂಡಿತು. ಎರಡು ವ್ಯವಸ್ಥೆಗಳು ಒಂದರತ್ತ ಒಂದು ನಡೆಯುತ್ತಿವೆ, ನಿಧಾನವಾಗಿಯಾದರೂ.

ಆದರೆ ಬಗೆಹರಿಯದ ಎರಡು ತೊಡಕುಗಳಿವೆ. ಮೊದಲನೆಯದು ಮೇಸ್ತ್ರಿಯದು. ತನ್ನ ಬಳಿ ಕಲಿತವನು ನಾಳೆ ಎದುರಿನ ಶೆಡ್ಡಿನಲ್ಲಿ ಅದೇ ಟ್ರಂಕನ್ನು ಕಡಿಮೆ ಬೆಲೆಗೆ ಮಾರಬಹುದು. ಹೀಗಿರುವಾಗ ಅಗ್ಗದ ತಗಡು ಎಲ್ಲಿ ಸಿಗುತ್ತದೆಂದು ಅವನು ಏಕೆ ಹೇಳಿಕೊಡಬೇಕು? ಸರ್ಕಾರ ಕೊಡುವ ತರಬೇತಿ ಭತ್ಯೆ ಸುತ್ತಿಗೆಯ ಕೆಲಸಕ್ಕೆ ಸಾಕಾಗಬಹುದು, ವ್ಯಾಪಾರದ ಗುಟ್ಟಿಗೆ ಸಾಲದು.

ಎರಡನೆಯದು ಪರೀಕ್ಷೆ ನಡೆಸುವವರದು. ಬಿಸಿನೆಸ್ ಪ್ಲಾನನ್ನು ಒಂದು ಕೊಠಡಿಯಲ್ಲಿ ಕುಳಿತು, ಮಾದರಿ ಅಂಕಪಟ್ಟಿ ಹಿಡಿದು, ರಾಶಿರಾಶಿಯಾಗಿ ತಿದ್ದಬಹುದು. ಲೆಕ್ಕದ ಪುಸ್ತಕ ನಿಜವೋ ಸುಳ್ಳೋ ಎಂದು ತಿಳಿಯಲು ಯಾರಾದರೂ ಹೋಗಿ ಗಿರಾಕಿಯನ್ನು, ತಗಡಿನ ವ್ಯಾಪಾರಿಯನ್ನು ಮಾತಾಡಿಸಬೇಕು. ದೇಶದ ಉದ್ದಗಲದ ಅಭ್ಯರ್ಥಿಗಳಿಗೆ ಹಾಗೆ ಮಾಡುವ ಖರ್ಚನ್ನು ಯಾವ ಪರೀಕ್ಷಾ ಮಂಡಳಿಯೂ ಸಂತೋಷದಿಂದ ಹೊರುವುದಿಲ್ಲ. ಆ ತಪಾಸಣೆಯನ್ನು ಸ್ಥಳೀಯ ಕುಶಲಕರ್ಮಿಗಳ ಸಂಘಗಳಿಗೆ ವಹಿಸಿಕೊಡಬಹುದು. ಆದರೆ ಅಂಕ ಕೊಡುವ ಅಧಿಕಾರವನ್ನು ಡಿಗ್ರಿ ಇಲ್ಲದವರ ಕೈಗೆ ಕೊಡಲು ಮಂಡಳಿ ಒಪ್ಪಬೇಕಲ್ಲ.